ಅಂದು ಉಳಿಸಿದ ದುಡ್ಡು

ಮೂರು ವರ್ಷದ ಹಿಂದೆ ನಮ್ಮ ಹಳೆಯ ಕಾರಿನ ಟೈಮಿಂಗ್ ಬೆಲ್ಟ್ ಬದಲಾಯಿಸುವಾಗ ಉಡುಪಿಯ ಮೆಕ್ಯಾನಿಕ್ ಹೇಳಿದ್ದರು, "ಟೆನ್ಷನರ್, ವಾಟರ್ ಪಂಪ್ ಕೂಡ ಒಟ್ಟಿಗೇ ಹಾಕುವ ಮಾರಾಯ್ರೆ." ಬ್ಯಾಂಕಿನಲ್ಲಿ ಪೈಸೆ ಪೈಸೆ ತಾಳೆ ನೋಡಿದ ಕೈ ನನ್ನದು. "ಅವು ಸರಿಯಾಗಿಯೇ ಇವೆಯಲ್ಲ, ಬೆಲ್ಟ್ ಒಂದೇ ಸಾಕು" ಎಂದೆ.

ಮರುವರ್ಷ ಮೊಮ್ಮಗಳಿಗೆ ಕಾಪುವಿನ ದೀಪಸ್ತಂಭ ತೋರಿಸಿ ಮರಳುತ್ತಿದ್ದೆ. ಟೆಂಪರೇಚರ್ ಮುಳ್ಳು ಮೇಲೇರಿತು. ಹೆದ್ದಾರಿಯ ಬದಿಗೆ ನಿಲ್ಲಿಸಿ ನೋಡಿದರೆ ಕಾರಿನಡಿ ಹಸಿರು ಕೂಲೆಂಟ್ ತೊಟ್ಟಿಕ್ಕುತ್ತಿತ್ತು.

"ಅಜ್ಜ, ಬೆಲ್ಟ್ ಹೊಸತಲ್ವಾ?"

ಅದೇ ಮೆಕ್ಯಾನಿಕ್ ಅವಳಿಗೆ ವಿವರಿಸಿದರು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದೇ ಸುತ್ತು. ಆ ಲೆಕ್ಕ ತಪ್ಪದಂತೆ ಹಿಡಿಯುವುದು ಬೆಲ್ಟಿನ ಹಲ್ಲುಗಳು. ನಮ್ಮ ಕಾರಿನಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಪಂಪಿನ ಬೇರಿಂಗ್ ಸವೆದಿತ್ತು. ಅದು ಓಡುವಾಗಲೇ ಬಿಗಿದು ನಿಂತಿದ್ದರೆ ಹೊಸ ಬೆಲ್ಟೂ ಹರಿಯುತ್ತಿತ್ತು. ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು ಎಂಜಿನ್ನೇ ಹಾಳಾಗುತ್ತಿತ್ತು. ಮರುದಿನ ನಾವೆಲ್ಲ ಅದೇ ಕಾರಿನಲ್ಲಿ ಕಾರ್ಕಳಕ್ಕೆ ಹೊರಟಿದ್ದೆವು. ನೆನೆದು ಮೈ ಜುಮ್ಮೆಂದಿತು.

ಪಂಪ್ ಬದಲಿಸಲು ಹಿಂದೆ ಬಿಚ್ಚಿದ್ದನ್ನೆಲ್ಲ ಮತ್ತೆ ಬಿಚ್ಚಬೇಕಾಯಿತು. ಕೂಲೆಂಟಿನಲ್ಲಿ ನೆನೆದ ಬೆಲ್ಟನ್ನೂ ಎಸೆದದ್ದಾಯಿತು. ಈ ಸಲ ಬೆಲ್ಟ್, ಟೆನ್ಷನರ್, ಐಡ್ಲರ್, ಪಂಪ್ ಎಲ್ಲವನ್ನೂ ಒಟ್ಟಿಗೇ ಹಾಕಿಸಿದೆ. ಕೂಲಿ ಮಾತ್ರ ಎರಡು ಸಲ ಕೊಟ್ಟಂತಾಯಿತು.

ಮೊಮ್ಮಗಳು ಎರಡೂ ಬಿಲ್ಲುಗಳನ್ನು ಪಕ್ಕಪಕ್ಕ ಇಟ್ಟು ಕೂಡಿಸಿ ನೋಡಿದಳು. "ಅಜ್ಜ, ಹಾಗಾದ್ರೆ ಆಗ ಉಳಿದದ್ದು ಎಷ್ಟು?"

ಜೀವನವಿಡೀ ಲೆಕ್ಕ ಬರೆದವನ ಬಾಯಲ್ಲಿ ಉತ್ತರ ಬರಲಿಲ್ಲ.