ಅಪ್ಪನ ಯೆಜ್ಡಿಗೆ ಮೊದಲು ಬ್ರೇಕು, ಆಮೇಲೆ ಬೆಳಕು

ಕಿಕ್ಕರೂ ಗೇರ್ ಲಿವರೂ ಒಂದೇ ಆಗಿರುವ ಗಾಡಿ ಯೆಜ್ಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಲ್ಲಿ ಶುರುವಾದ ಬೈಕ್ ತಯಾರಿಕೆ 1996ರಲ್ಲಿ ನಿಂತಿತು. ಅಂದರೆ ಬೂದಿಗೆರೆಯ ನಮ್ಮನೆಯಲ್ಲಿರುವಂಥ ಹಳೇ ಗಾಡಿಗಳಿಗೆ ಕಮ್ಮಿ ಅಂದರೂ ಮೂವತ್ತು ವರ್ಷದ ಹತ್ತಿರ ವಯಸ್ಸು.

ತಮ್ಮನಿಗೆ ಏರ್‌ಪೋರ್ಟ್ ಕಡೆ ರಾತ್ರಿ ಪಾಳಿ ಕೆಲಸ ಸಿಕ್ಕಿತು. ಅಪ್ಪನ ಯೆಜ್ಡಿಯಲ್ಲೇ ಹೋಗ್ತೀನಿ ಅಂದ. ದಾರಿ ತುಂಬ ಟಿಪ್ಪರ್. ಅವನಿಗೆ ಬೇಕಿದ್ದದ್ದು ಸೌಂಡ್ ಮಾಡೋ ಸೈಲೆನ್ಸರ್. ಅಪ್ಪ ಹೇಳಿದ್ದು ಒಂದೇ ಮಾತು: "ಓಡೋದು ಅದಕ್ಕೆ ಗೊತ್ತು ಕಣೋ, ನಿಲ್ಲೋದನ್ನ ಮೊದಲು ನೋಡು."

ಹಾಗಾಗಿ ಬ್ರೇಕಿನಿಂದ ಶುರು ಮಾಡಿದೆವು. ಎರಡೂ ಚಕ್ರದ ಲೈನರ್, ಮುಂದಿನ ಬ್ರೇಕ್ ಕೇಬಲ್ ಹೊಸದು. ಹಳೇ ಲೈನರ್‌ನಲ್ಲಿ ಕಲ್ನಾರು ಇರಬಹುದು. ಅದರ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಟೈರು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಗುಂಡಿ ಸವೆಯದಿದ್ದರೂ ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಾಯಿಸಿ.

ಮೂರನೆಯದು ಬೆಳಕು. ನಮ್ಮದು 6 ವೋಲ್ಟ್ ಗಾಡಿ. ಎಂಜಿನ್ ನಿಧಾನ ಆದರೆ ಹೆಡ್‌ಲೈಟ್ ಹಣತೆಯ ಹಾಗೆ. ಬರೀ ದೊಡ್ಡ ಬಲ್ಬ್ ಹಾಕಿದರೆ ವೈರ್ ಬಿಸಿಯಾಗುತ್ತೆ. 12 ವೋಲ್ಟ್ ಮಾಡುವುದಾದರೆ ಬ್ಯಾಟರಿ, ರೆಗ್ಯುಲೇಟರ್, ಇಗ್ನಿಷನ್ ಕಾಯಿಲ್, ಹಾರ್ನ್, ಎಲ್ಲಾ ಬಲ್ಬುಗಳು ಜೊತೆಗೇ ಬದಲಾಗಬೇಕು. ಹೊಸ ವೈರಿಂಗ್, ಫ್ಯೂಸ್ ಇರಲೇಬೇಕು. ವೈರ್ ಜೋಡಿಸುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಟ್ಟೆವು. ಬಿಚ್ಚಿ, ತುಕ್ಕು ಉಜ್ಜಿ, ಅರ್ಥಿಂಗ್ ಜಾಗ ಸ್ವಚ್ಛ ಮಾಡಿದ್ದು ನಾವೇ.

ಕೊನೆಗೆ ಪೆಟ್ರೋಲ್ ಪೈಪ್. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತೆ, ಹಳೇ ರಬ್ಬರಿಗೆ ಅದು ಆಗಿಬರಲ್ಲ. ಎಥನಾಲ್ ತಡೆಯುವ ಪೈಪ್ ಹಾಕಿಸಿ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್, ಕಾರ್ಬೊರೇಟರ್ ಖಾಲಿ ಮಾಡಿ.

ಸೈಲೆನ್ಸರ್ ಮಾತ್ರ ಮುಟ್ಟಲಿಲ್ಲ. ಕಂಪನಿ ಕೊಟ್ಟ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಗಾಡಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣವೂ ಆಗಬೇಕು. ಅಲ್ಲಿ ಗಾಡಿ ಪರೀಕ್ಷೆಗೆ ನಿಲ್ಲುತ್ತೆ.

ನಮ್ಮ ಲೆಕ್ಕ ಇಷ್ಟೇ: ಚೌಕಟ್ಟು ಕೊಯ್ಯಬಾರದು, ತೂತು ಕೊರೆಯಬಾರದು, ಬಿಚ್ಚಿದ ಹಳೇ ಭಾಗ ಗುಜರಿಗೆ ಹಾಕಬಾರದು. ಆ ಡಬ್ಬ ಅಟ್ಟದ ಮೇಲಿದೆ. ತಮ್ಮ ಮನೆಗೆ ಬರೋದು ಬೆಳಗಿನ ಜಾವ ನಾಲ್ಕಕ್ಕೆ. ಅಮ್ಮ ಈಗ ಬಾಗಿಲಲ್ಲಿ ಕಾಯುತ್ತಾ ಕೂರುವುದಿಲ್ಲ.