ಕೋಷಿಯೆನ್ ಮಣ್ಣು, ಮಕ್ಕಳ ತೋಳು

ಜಪಾನ್ ಎಂದರೆ ನಮಗೆ ನೆನಪಾಗುವುದು ಚೆರ್ರಿ ಹೂವು, ಕಿಮೋನೊ, ಬುಲೆಟ್ ರೈಲು. ಆದರೆ ಸೋದರಿಯರೇ, ಆಗಸ್ಟ್ ತಿಂಗಳಲ್ಲಿ ನೀವೇನಾದರೂ ಆ ದೇಶಕ್ಕೆ ಹೋದಿರೋ, ಟಿ.ವಿ. ಹಾಕಿದಲ್ಲೆಲ್ಲ ಒಂದೇ ನೋಟ. ಹದಿನಾರು, ಹದಿನೇಳರ ಹುಡುಗರು ಉರಿಬಿಸಿಲಿನಲ್ಲಿ ಮಣ್ಣಿಗೆ ಬಿದ್ದು ಎದ್ದು ಬೇಸ್‌ಬಾಲ್ ಆಡುತ್ತಿರುತ್ತಾರೆ. ನಮ್ಮ ಮನೆಗಳ ಕ್ರಿಕೆಟ್ ಹುಚ್ಚನ್ನು ಸಹಿಸಿಕೊಂಡು ಬಂದಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲವೇ?

ಒಸಾಕಾದ ಉಮೇದಾ ನಿಲ್ದಾಣದಲ್ಲಿ ಹಾನ್ಶಿನ್ ಕಂಪನಿಯ ವೇಗದ ರೈಲು ಹತ್ತಿದರೆ ಕಾಲು ಗಂಟೆಯಲ್ಲಿ ಕೋಷಿಯೆನ್. ಇಳಿದು ನಾಲ್ಕು ಹೆಜ್ಜೆ ಹಾಕಿದರೆ ಸಾಕು, ಹಸಿರು ಬಳ್ಳಿ ಹಬ್ಬಿದ ಎತ್ತರದ ಗೋಡೆ ಎದುರಾಗುತ್ತದೆ. ಅದೇ ಆ ಮೈದಾನ. ಹೆಸರಿನ ಕಥೆ ಕೇಳಿದರೆ ನಿಮಗೆ ಖುಷಿಯಾದೀತು. ನಮ್ಮಲ್ಲಿ ಪ್ರಭವ, ವಿಭವ ಎಂದು ಅರವತ್ತು ಸಂವತ್ಸರಗಳ ಚಕ್ರ ಇದೆಯಲ್ಲ, ಅವರಲ್ಲೂ ಅರವತ್ತು ವರ್ಷಗಳ ಒಂದು ಚಕ್ರವಿದೆ. ಅದರ ಮೊದಲ ವರ್ಷದ ಹೆಸರು ‘ಕೋಷಿ’. ಮೈದಾನ ಕಟ್ಟಿ ಮುಗಿದ 1924 ಆ ಮೊದಲ ವರ್ಷವಾಗಿತ್ತು. ಹಾಗಾಗಿ ಕೋಷಿಯೆನ್, ಎಂದರೆ ಕೋಷಿಯ ತೋಟ.

ಒಳಗೆ ಹೋದರೆ ಕಣ್ಣಿಗೆ ಮೊದಲು ಬೀಳುವುದು ಕಪ್ಪು ಮಣ್ಣು. ಸೋತ ತಂಡದ ಮಕ್ಕಳು ಅಳುತ್ತಾ ಮಂಡಿಯೂರಿ ಆ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಊರಿಗೆ ಒಯ್ಯುತ್ತಾರೆ. ನಾವು ತೀರ್ಥ ಒಯ್ಯುವ ಹಾಗೆ ಅನ್ನಿ! ದೇಶದ ಮೂರು ಸಾವಿರಕ್ಕೂ ಹೆಚ್ಚು ಹೈಸ್ಕೂಲುಗಳು ಜಿಲ್ಲೆ, ಪ್ರಾಂತ್ಯ ಎಂದು ಸೆಣಸಾಡಿ ಕೊನೆಗೆ 49 ಶಾಲೆಗಳು ಇಲ್ಲಿಗೆ ಬರುತ್ತವೆ. ಒಂದು ಪಂದ್ಯ ಸೋತರೆ ಆಯಿತು, ಗಂಟುಮೂಟೆ ಕಟ್ಟಿದಂತೆಯೇ. ಬೆಳಗಿನಿಂದ ಸಂಜೆವರೆಗೆ ಸೈರನ್ ಕೂಗುತ್ತದೆ, ಶಾಲೆಯ ಬ್ಯಾಂಡು ಬಾರಿಸುತ್ತದೆ, ಒಂದೇ ಬಣ್ಣದ ಟೋಪಿ ಹಾಕಿಕೊಂಡ ಅಪ್ಪ ಅಮ್ಮಂದಿರು ಗಂಟಲು ಹರಿಯುವಂತೆ ಕೂಗುತ್ತಾರೆ. ಪುಡಿ ಮಾಡಿದ ಮಂಜುಗಡ್ಡೆಯನ್ನು ಚೀಲದಲ್ಲಿ ತುಂಬಿ, ಕೊಳವೆ ಸಿಕ್ಕಿಸಿ ಮಾರುತ್ತಾರೆ. ಅದನ್ನು ಕುತ್ತಿಗೆಗೆ ಒತ್ತಿಕೊಳ್ಳುವುದು, ಕರಗಿದಂತೆ ನೀರು ಹೀರುವುದು. ಅಲ್ಲಿಯ ಬಿಸಿಲು ರಾಯಚೂರಿನ ಬಿಸಿಲಿನ ಹಾಗಲ್ಲ, ಮಂಗಳೂರಿನ ಸೆಖೆಯ ಹಾಗೆ. ಬೆವರು ಆರುವುದೇ ಇಲ್ಲ.

ಇಷ್ಟು ಗದ್ದಲದ ನಡುವೆ ಎಲ್ಲರ ಕಣ್ಣೂ ಒಬ್ಬನ ಮೇಲೆ. ಬೆನ್ನಿನ ಮೇಲೆ 1 ಎಂದು ಬರೆದಿರುವ ಹುಡುಗ, ಪಿಚರ್, ಎಂದರೆ ಚೆಂಡು ಎಸೆಯುವವನು. ಕ್ರಿಕೆಟ್ಟಿನಲ್ಲಾದರೆ ಒಬ್ಬ ಆರು ಚೆಂಡು ಹಾಕಿದ ಮೇಲೆ ಇನ್ನೊಬ್ಬ ಬರುತ್ತಾನೆ. ಇಲ್ಲಿ ಹಾಗಲ್ಲ. ಒಂಬತ್ತು ಇನಿಂಗ್ಸ್ ಒಬ್ಬನೇ ಎಸೆದರೂ ಎಸೆದನೇ. ನೂರು, ನೂರೈವತ್ತು ಬಾರಿ, ಅರವತ್ತು ಅಡಿ ದೂರಕ್ಕೆ, ಮೈಯ ಬಲವನ್ನೆಲ್ಲ ಮೊಣಕೈಗೆ ತಂದು ಬೀಸಬೇಕು. ಮದುವೆಮನೆಗೆ ದಿನವಿಡೀ ಚಕ್ಕುಲಿ ಒತ್ತಿದ ಮಾರನೆಯ ದಿನ ತಲೆ ಬಾಚಿಕೊಳ್ಳಲು ಕೈ ಎತ್ತಿ ನೋಡಿದ್ದೀರಲ್ಲ? ಅದರ ಹತ್ತು ಪಟ್ಟು ಎಂದುಕೊಳ್ಳಿ. ಅದೂ ಬೆಳೆಯುವ ಹುಡುಗರಲ್ಲಿ ಮೂಳೆಯ ತುದಿ ಇನ್ನೂ ಗಟ್ಟಿಯಾಗಿರುವುದಿಲ್ಲ. ಮೊಣಕೈ ಒಳಬದಿಯ ನಾರು ಎಳೆದೂ ಎಳೆದೂ ಒಂದು ದಿನ ಹರಿದರೆ, ಬೇರೆಡೆಯಿಂದ ನಾರು ತೆಗೆದು ಕಸಿ ಮಾಡಬೇಕು. ಮತ್ತೆ ಆಟಕ್ಕೆ ಇಳಿಯಲು ವರ್ಷವಾದರೂ ಬೇಕು.

ಹಾಗಾದರೆ ಸುಸ್ತಾದವನನ್ನು ಕೂರಿಸಬಾರದೇ ಅಂತ ನೀವು ಕೇಳಬಹುದು. ಅಲ್ಲೇ ಇದೆ ನೋಡಿ ಕಷ್ಟ. ಎಂಟನೆಯ ಇನಿಂಗ್ಸು, ಒಂದೇ ಒಂದು ರನ್ನಿನ ಮುನ್ನಡೆ. ಕೋಚ್ ಬೆಂಚು ಬಿಟ್ಟು ಮೈದಾನಕ್ಕೆ ಇಳಿಯುವಂತಿಲ್ಲ, ಅದು ಅಲ್ಲಿಯ ಶಾಲಾ ಆಟದ ನಿಯಮ. ಹೇಳುವುದಿದ್ದರೆ ಬೆಂಚಿನ ಮೇಲಿರುವ ಒಬ್ಬ ಹುಡುಗನ ಕಿವಿಯಲ್ಲಿ ಹೇಳಿ ಕಳಿಸಬೇಕು. ಅದೂ ಒಂದು ಆಟಕ್ಕೆ ಮೂರೇ ಸಲ. ಆ ಹುಡುಗ ಓಡುತ್ತಾನೆ, ಎಲ್ಲರೂ ಸುತ್ತ ನಿಲ್ಲುತ್ತಾರೆ. ಇನ್ನೂ ಎಸೆಯಬಲ್ಲೆಯಾ? ಎಂದರೆ ಯಾವ ಮಗು ಆಗೋದಿಲ್ಲ ಅಂದೀತು ಹೇಳಿ! ಜ್ವರದಲ್ಲಿ ಬೇಯುತ್ತಿದ್ದರೂ ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಹೋಗಿಯೇ ತೀರುತ್ತೇನೆ ಎನ್ನುವ ವಯಸ್ಸು ಅದು. ನನ್ನನ್ನು ಕೇಳಿದರೆ, ಆ ಪ್ರಶ್ನೆಯನ್ನು ಹುಡುಗನಿಗೆ ಕೇಳುವುದೇ ತಪ್ಪು.

1998ರ ಆಗಸ್ಟ್ 20ರ ಪಂದ್ಯವನ್ನು ಜಪಾನಿನವರು ಇಂದಿಗೂ ಮರೆತಿಲ್ಲ. ಯೊಕೊಹಾಮ ಶಾಲೆಯ ಮತ್ಸುಜಾಕ ದೈಸುಕೆ ಹಿಂದಿನ ದಿನ ತಾನೇ 148 ಚೆಂಡು ಎಸೆದಿದ್ದ. ಅಂದು ಪಿ.ಎಲ್. ಗಾಕುಎನ್ ಶಾಲೆಯ ಎದುರು ಆಟ ಒಂಬತ್ತಕ್ಕೆ ಮುಗಿಯಲಿಲ್ಲ, ಹದಿನೇಳು ಇನಿಂಗ್ಸಿಗೆ ಹೋಯಿತು. ಅಷ್ಟನ್ನೂ ಅವನೊಬ್ಬನೇ ಎಸೆದ, 250 ಚೆಂಡು. 9-7ರಿಂದ ಗೆದ್ದರು. ಮರುದಿನ ಸೆಮಿಫೈನಲ್‌ನಲ್ಲಿ ಅವನಿಗೆ ಎಸೆತದಿಂದ ಬಿಡುವು ಕೊಟ್ಟು, ಕೈಗೆ ಪಟ್ಟಿ ಸುತ್ತಿ ದೂರದ ಮೂಲೆಯಲ್ಲಿ ನಿಲ್ಲಿಸಿದರು. ತಂಡ 6-0 ಹಿಂದೆ ಬಿದ್ದಿತ್ತು. ಎಂಟನೆಯದರಲ್ಲಿ ನಾಲ್ಕು ರನ್ ಬಂದವು. ಒಂಬತ್ತನೆಯದಕ್ಕೆ ಪಟ್ಟಿ ಕಿತ್ತು ಹಾಕಿ ಮತ್ಸುಜಾಕ ಎಸೆಯಲು ಬಂದೇಬಿಟ್ಟ! ಇಡೀ ಮೈದಾನ ಎದ್ದು ನಿಂತಿತು. 7-6ರಲ್ಲಿ ಗೆದ್ದರು. ಅದರ ಮಾರನೆಯ ದಿನ ಫೈನಲ್‌ನಲ್ಲಿ ಎದುರಾಳಿಗಳಿಗೆ ಒಂದೇ ಒಂದು ‘ಹಿಟ್’ ಕೂಡ ಕೊಡಲಿಲ್ಲ.

ನೋಡಿದವರಿಗೆ ಮೈ ನವಿರೇಳುವ ಆಟ, ಇಲ್ಲವೆನ್ನಲಾರೆ. ಮತ್ಸುಜಾಕ ದೊಡ್ಡ ಆಟಗಾರನಾದ, ಅಮೆರಿಕಕ್ಕೂ ಹೋದ. ಆದರೆ 2011ರಲ್ಲಿ ಮೊಣಕೈಗೆ, 2015ರಲ್ಲಿ ಭುಜಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಹೈಸ್ಕೂಲಿನ ಆ 250 ಚೆಂಡೇ ಕಾರಣ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಅಲ್ಲ ಎಂದೂ ಹೇಳಲಾರರು.

2018ರಲ್ಲಿ ಇನ್ನೊಂದು. ಉತ್ತರದ ಅಕಿತಾ ಪ್ರಾಂತ್ಯದ ಕನಾಆಶಿ ಎಂಬ ಕೃಷಿ ಶಾಲೆ, ಎಂದರೆ ಬೆಳೆ, ದನಕರು ಎಂದು ಬೇಸಾಯದ ಪಾಠ ಕಲಿಯುವ ಮಕ್ಕಳು, ದೊಡ್ಡ ದೊಡ್ಡ ಶಾಲೆಗಳನ್ನು ಸೋಲಿಸಿ ಫೈನಲ್ ತಲುಪಿದರು. ದೇಶವೇ ಅವರ ಕಡೆ. ಅವರ ಎಸೆತಗಾರ ಯೊಶಿದ ಕೋಸೆಯ್ ಆ ಒಂದು ಪಂದ್ಯಾವಳಿಯಲ್ಲಿ ಎಸೆದದ್ದು 881 ಚೆಂಡು. ಫೈನಲ್‌ನಲ್ಲಿ ಐದು ಇನಿಂಗ್ಸ್ ಆದ ಮೇಲೆ ಅವನ ಕೈಯಿಂದ ಚೆಂಡು ತೆಗೆದುಕೊಂಡರು. ಆ ಹೊತ್ತಿಗೆ ಆಟ ಕೈ ಬಿಟ್ಟಿತ್ತು. ಸೋಲು 13-2.

ಈಗ ನಾನು ಹೇಳಬೇಕೆಂದಿರುವ ಹುಡುಗನ ವಿಷಯ. ಅವನು ಕೋಷಿಯೆನ್‌ಗೆ ಬರಲೇ ಇಲ್ಲ.

ಈಶಾನ್ಯದ ಇವಾತೆ ಪ್ರಾಂತ್ಯದ ಕಡಲ ತೀರ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಒಂಬತ್ತು ವರ್ಷದ ಸಸಾಕಿ ರೋಕಿ ತಂದೆಯನ್ನೂ ಅಜ್ಜ ಅಜ್ಜಿಯನ್ನೂ ಕಳೆದುಕೊಂಡ. ತಾಯಿ ಮಕ್ಕಳನ್ನು ಕಟ್ಟಿಕೊಂಡು ನೆರೆಯ ಒಫುನಾತೊ ಊರಿಗೆ ಬಂದರು. ಹೆಸರಾಂತ ಶಾಲೆಗಳಿಗೆ ಹೋಗಬಹುದಾಗಿದ್ದರೂ ಹುಡುಗ ಗೆಳೆಯರ ಜೊತೆಗೇ ಊರಿನ ಸರ್ಕಾರಿ ಹೈಸ್ಕೂಲು ಸೇರಿದ. ಗಂಟೆಗೆ 160 ಕಿಲೋಮೀಟರ್ ವೇಗ ಅವನ ಎಸೆತಕ್ಕೆ! 2019ರ ಜುಲೈ 21ರಂದು ಹನ್ನೆರಡು ಇನಿಂಗ್ಸ್, 194 ಚೆಂಡು. 24ರಂದು ಸೆಮಿಫೈನಲ್, 129 ಚೆಂಡು. 25ರಂದೇ ಪ್ರಾಂತ್ಯದ ಫೈನಲ್. ಗೆದ್ದರೆ 35 ವರ್ಷಗಳ ನಂತರ ಆ ಶಾಲೆಗೆ ಕೋಷಿಯೆನ್.

ಮೂವತ್ತೆರಡು ವರ್ಷದ ತರುಣ ಕೋಚ್ ಅವನನ್ನು ಆಡಿಸಲಿಲ್ಲ. ಒಂದು ಚೆಂಡನ್ನೂ ಎಸೆಯಗೊಡಲಿಲ್ಲ. ತಂಡ 12-2ರಲ್ಲಿ ಸೋತಿತು. ಎಸೆ ಎಂದಿದ್ದರೆ ಹುಡುಗ ಎಸೆಯುತ್ತಿದ್ದ, ಹಾಗೆನ್ನಲು ನನ್ನಿಂದಾಗಲಿಲ್ಲ ಎಂಬ ಅರ್ಥದ ಮಾತನ್ನು ಕೋಚ್ ಆಡಿದರು. ಶಾಲೆಯ ಟೆಲಿಫೋನಿಗೆ ಬಿಡುವೇ ಇರಲಿಲ್ಲವಂತೆ, ಬರೀ ಬೈಗುಳ. ಹಳೆಯ ಆಟಗಾರರು ಟಿ.ವಿ.ಯಲ್ಲಿ ಕೂತು ಎರಡು ಪಕ್ಷವಾಗಿ ಜಗಳವಾಡಿದರು.

ಆ ಕೋಚ್ ಮಾಡಿದ್ದೇ ಸರಿ ಎಂದು ನನ್ನ ಮನಸ್ಸು ಹೇಳುತ್ತದೆ. ಆದರೂ ಒಂದು ಮುಳ್ಳು ಉಳಿದೇ ಇದೆ. ತಂಡದಲ್ಲಿ ಉಳಿದ ಮಕ್ಕಳೂ ಇದ್ದರಲ್ಲ? ರೋಕಿಗೆ ಮುಂದೆ ದೊಡ್ಡ ಬದುಕು ಕಾದಿತ್ತು. ಉಳಿದವರಲ್ಲಿ ಹೆಚ್ಚಿನವರಿಗೆ ಅದೊಂದೇ ಬೇಸಿಗೆ. ಮಗನ ಬೂಟಿನ ಮಣ್ಣು ತೊಳೆದು, ಮುಂಜಾನೆ ಅನ್ನದ ಉಂಡೆ ಕಟ್ಟಿ ಕಳಿಸಿದ ಆ ತಾಯಂದಿರಿಗೆ ಅವತ್ತು ಹೇಗಾಗಿರಬೇಡ? ನಿಮ್ಮ ಮಗ ಆ ತಂಡದಲ್ಲಿದ್ದಿದ್ದರೆ ಏನಂತಿದ್ದಿರಿ? ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ ಎಂದು ಧೈರ್ಯವಾಗಿ ಹೇಳಲಾರೆ.

2020ರಿಂದ ಅಲ್ಲಿ ಒಂದು ಕಟ್ಟಳೆ ಬಂದಿದೆ. ಹೈಸ್ಕೂಲ್ ಎಸೆತಗಾರ ಒಂದು ವಾರದಲ್ಲಿ 500ಕ್ಕಿಂತ ಹೆಚ್ಚು ಚೆಂಡು ಎಸೆಯುವಂತಿಲ್ಲ. ಮತ್ಸುಜಾಕ ಎರಡೇ ದಿನದಲ್ಲಿ 398 ಎಸೆದಿದ್ದ, ಲೆಕ್ಕ ಹಾಕಿ ನೋಡಿ. 2023ರಿಂದ ಐದನೆಯ ಇನಿಂಗ್ಸ್ ಆದ ಮೇಲೆ ಹತ್ತು ನಿಮಿಷ ನೆರಳಲ್ಲಿ ಮೈ ತಂಪು ಮಾಡಿಕೊಳ್ಳಲು ಬಿಡುವೂ ಇದೆ. ಆದರೆ ಅದೇ ದಿನ, ಅದೇ ಇನಿಂಗ್ಸಿನಲ್ಲಿ ಏನು ಮಾಡಬೇಕು ಎಂಬುದನ್ನು ಯಾವ ಕಟ್ಟಳೆಯೂ ಹೇಳಿಕೊಡುವುದಿಲ್ಲ.

ರೋಕಿ 2022ರ ಏಪ್ರಿಲ್ 10ರಂದು, ಇಪ್ಪತ್ತರ ವಯಸ್ಸಿನಲ್ಲಿ, ವೃತ್ತಿ ತಂಡದ ಪರವಾಗಿ ಎದುರಾಳಿಗಳಲ್ಲಿ ಒಬ್ಬರನ್ನೂ ಮೊದಲ ಬೇಸಿಗೆ ಬಿಡದೆ ಇಡೀ ಆಟ ಎಸೆದು ಮುಗಿಸಿದ. ಮುಂದಿನ ವಾರವೂ ಎಂಟು ಇನಿಂಗ್ಸ್‌ವರೆಗೆ ಹಾಗೆಯೇ. ಇನ್ನೊಂದೇ ಇನಿಂಗ್ಸ್! ಅಷ್ಟರಲ್ಲಿ ಅಲ್ಲಿಯ ಕೋಚ್ ಕೂಡ ಸಾಕು ಎಂದು ಕೂರಿಸಿದರು. ಇಷ್ಟು ಜೋಪಾನ ಮಾಡಿದ ತೋಳು, ಆದರೂ 2025ರಲ್ಲಿ ಅಮೆರಿಕದ ಡಾಡ್ಜರ್ಸ್ ತಂಡ ಸೇರಿದ ಮೇಲೆ ಭುಜದ ನೋವಿನಿಂದ ತಿಂಗಳುಗಟ್ಟಲೆ ಹೊರಗಿರಬೇಕಾಯಿತು. ಕೊನೆಗೆ ವಾಸಿಯಾಗಿ ಬಂದು ಆಡಿದ ಅನ್ನಿ.

ನಿಮ್ಮ ಮಗಳೋ ತಂಗಿಯೋ ಒಸಾಕಾ ಕಡೆ ಸಂಸಾರ ಹೂಡಿದ್ದು, ಬೇಸಿಗೆಯಲ್ಲಿ ನೀವು ಹೋಗುವುದಾದರೆ ಒಂದು ದಿನ ಕೋಷಿಯೆನ್‌ಗೆ ಮೀಸಲಿಡಿ. ಟಿಕೆಟ್ಟನ್ನು ಮೊದಲೇ ಕೊಳ್ಳಬೇಕು. ಅಗಲ ಅಂಚಿನ ಟೋಪಿ, ಒದ್ದೆ ಟವೆಲು ಮರೆಯಬೇಡಿ. ಆಟ ಅರ್ಥವಾಗದಿದ್ದರೂ ಚಿಂತೆಯಿಲ್ಲ. ಎಂಟನೆಯ ಇನಿಂಗ್ಸ್ ಹೊತ್ತಿಗೆ ಬೆಂಚಿನಿಂದ ಒಬ್ಬ ಹುಡುಗ ಟೋಪಿ ಹಿಡಿದುಕೊಂಡು ಎಸೆತಗಾರನ ಕಡೆ ಓಡುತ್ತಾನೆ. ಆಗ ಚೆಂಡನ್ನು ಬಿಟ್ಟು, ಬೆಂಚಿನ ಕಂಬಿ ಹಿಡಿದು ನಿಂತಿರುವ ಕೋಚ್ ಮುಖ ನೋಡಿ.