ಕಾಯಿಲೆ ಯಾರದು?

1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ ಕೆಲವು ಮಕ್ಕಳಲ್ಲಿ ಕಂಡ ಸಮಾನ ಲಕ್ಷಣಗಳನ್ನು ವಿವರಿಸಿ ಬರೆದರು. ಮುಂದೆ ಆ ಸ್ಥಿತಿಗೆ 'ಡೌನ್ಸ್ ಸಿಂಡ್ರೋಮ್' ಎಂಬ ಹೆಸರು ನಿಂತಿತು. ಡೌನ್ ಅವರಿಗೆ ಆ ತೊಂದರೆ ಇರಲಿಲ್ಲ. ಆದರೂ ಹೆಸರಿನ ಬಾಲಕ್ಕೆ ಅಂಟಿಕೊಂಡ ಷಷ್ಠಿ ವಿಭಕ್ತಿ ಅದನ್ನು ಅವರದೇ ಸೊತ್ತಾಗಿಸಿತು! ವಿವರಿಸಿದವರಿಗೆ ಕಾಯಿಲೆಯೂ ಇಲ್ಲ, ಅದರ ಒಡೆತನವೂ ಇಲ್ಲ. ಆದ್ದರಿಂದ ಈ 'ಸ್' ಕೈಬಿಡಿ ಎಂದು 1975ರಲ್ಲಿ ಅಮೆರಿಕದಲ್ಲಿ ಸೇರಿದ ತಜ್ಞರ ಸಭೆ ಸೂಚಿಸಿತು. ಅಲ್ಲಿ ಈಗ 'ಡೌನ್ ಸಿಂಡ್ರೋಮ್' ಎಂದೇ ರೂಢಿ. ಬ್ರಿಟನ್ನಿನಲ್ಲಿ ಹಳೆಯ ರೂಪವೂ ಉಳಿದಿದೆ. ನರಗಳನ್ನು ಕುಂದಿಸುವ 'ಲೂ ಗೆರಿಗ್ಸ್ ಡಿಸೀಸ್'ಗೆ ಮಾತ್ರ ಷಷ್ಠಿ ನ್ಯಾಯವಾಗಿಯೇ ಸಲ್ಲುತ್ತದೆ. ಬೇಸ್‌ಬಾಲ್ ಆಟಗಾರ ಗೆರಿಗ್ 1941ರಲ್ಲಿ ಅದೇ ಕಾಯಿಲೆಯಿಂದ ತೀರಿಕೊಂಡರು.

ಇದು ಇಂಗ್ಲಿಷಿನ ತಲೆನೋವು ಮಾತ್ರವೇ? 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಜ್ವರಕ್ಕೆ ಕನ್ನಡದಲ್ಲಿ 'ಮಂಗನ ಕಾಯಿಲೆ' ಎಂದೇ ಹೆಸರು. ಜ್ವರ ತರುವುದು ಒಂದು ವೈರಸ್. ಅದನ್ನು ಮನುಷ್ಯನಿಗೆ ಅಂಟಿಸುವುದು ಉಣ್ಣೆಯ ಕಡಿತ. ಮಂಗವೂ ಮನುಷ್ಯನಂತೆಯೇ ಅದಕ್ಕೆ ಬಲಿಯಾಗುವ ಬಡಪ್ರಾಣಿ. ಹೀಗಿದ್ದೂ 'ನ' ಎಂಬ ಒಂದೇ ಅಕ್ಷರ ಅದನ್ನು ಕಟಕಟೆಯಲ್ಲಿ ನಿಲ್ಲಿಸಿದೆ. ಸೌದೆಗೋ ದರಗಿಗೋ ಕಾಡಿಗೆ ಹೋದವರು ಮಂಗಕ್ಕೆ ಹೆದರಿ, ಮೈಗೆ ಹತ್ತಿದ ಉಣ್ಣೆಯನ್ನು ಮರೆತರೆ ಅಪಾಯ ಅವರಿಗೇ.

ವ್ಯಾಕರಣದ ತಪ್ಪಿಗೆ ಪರೀಕ್ಷೆಯಲ್ಲಿ ಅರ್ಧ ಅಂಕ ಹೋಗಬಹುದು. ವೈದ್ಯರ ಬರಹದಲ್ಲಿ ಹೋಗುವುದು ಅದಕ್ಕಿಂತ ಹೆಚ್ಚು. ರೋಗದ ಹೆಸರಿಗೆ ಷಷ್ಠಿ ಹಚ್ಚುವ ಮುನ್ನ ಅದು ಯಾರದು, ಬಂದದ್ದು ಯಾರಿಂದ ಎಂದು ಒಮ್ಮೆ ಕೇಳಿಕೊಳ್ಳುವುದು ಲೇಸು.